ನಮ್ಮ ಹುಡುಗನನ್ನು ಆಡಿಸಿ ಅಂದರೆ ಸಾಕೇ?

ಒಂದು ನಾಡು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಹುಡುಗನನ್ನು ಹೊರನಾಡಿನ ದೊಡ್ಡ ಕ್ಲಬ್ಬೊಂದು ಹಣ ಸುರಿದು ಕೊಂಡೊಯ್ದು ಬೆಂಚಿನ ಮೇಲೆ ಕೂರಿಸಿದರೆ ಆ ನಾಡಿನ ಜನ ಏನು ಮಾಡಬೇಕು? ಬಾಯಿ ಮುಚ್ಚಿಕೊಂಡು ಕಾಯಬೇಕೋ, ‘ನಮ್ಮ ಹುಡುಗನನ್ನು ಆಡಿಸಿ’ ಎಂದು ಗಂಟಲು ಹರಿಯುವಂತೆ ಕೂಗಬೇಕೋ? 2023-24ರಲ್ಲಿ ತುರ್ಕಿಯ ಜನ ಈ ಪ್ರಶ್ನೆಯ ಮುಂದೆ ತಿಂಗಳುಗಟ್ಟಲೆ ನಿಂತಿದ್ದರು. ಹುಡುಗನ ಹೆಸರು ಅರ್ದಾ ಗುಲೆರ್. ಕ್ಲಬ್ಬು ಸ್ಪೇನಿನ ರಿಯಲ್ ಮ್ಯಾಡ್ರಿಡ್. ಕೂರಿಸಿದವರು ಇಟಲಿಯ ಕೋಚ್ ಕಾರ್ಲೊ ಆಂಚೆಲೊಟ್ಟಿ.

ಫುಟ್‌ಬಾಲಿಗೂ ನಮಗೂ ಏನು ಸಂಬಂಧ, ಅದೂ ಎಲ್ಲಿಯ ತುರ್ಕಿ ಎಲ್ಲಿಯ ಮ್ಯಾಡ್ರಿಡ್ ಎಂದು ಮೂಗು ಮುರಿಯುವವರು ಸ್ವಲ್ಪ ತಾಳಬೇಕು. ‘ನಮ್ಮವನು’ ಎಂಬ ಮಾತನ್ನು ದಿನಕ್ಕೆ ನೂರು ಸಲ ಆಡುವ ಜನ ನಾವು. ಆ ಮಾತು ಯಾವಾಗ ಹುಡುಗನ ಬೆನ್ನಿಗೆ ಬಲವಾಗುತ್ತದೆ, ಯಾವಾಗ ಹೆಗಲ ಮೇಲಿನ ಮೂಟೆಯಾಗುತ್ತದೆ ಎಂಬುದನ್ನು ಬೇರೆಯವರ ಮನೆಯ ಕತೆಯಲ್ಲಿ ನೋಡಿದರೆ ನಷ್ಟವಿಲ್ಲ.

ಗುಲೆರ್ ಹುಟ್ಟಿದ್ದು 2005ರ ಫೆಬ್ರವರಿ 25ರಂದು, ಅಂಕಾರಾ ನಗರದ ಅಲ್ತಿಂದಾಗ್‌ನಲ್ಲಿ. ಮೊದಲು ಅಲ್ಲಿನ ಗೆಂಚ್ಲೆರ್‌ಬಿರ್ಲಿಯಿ ಕ್ಲಬ್ಬಿನಲ್ಲಿ ಕಾಲು ಪಳಗಿಸಿಕೊಂಡ. 2019ರಲ್ಲಿ ಇಸ್ತಾಂಬುಲ್‌ನ ಫೆನರ್‌ಬಾಚೆ ಅವನನ್ನು ಕರೆದುಕೊಂಡಿತು. 2021ರ ಆಗಸ್ಟ್‌ನಲ್ಲಿ, ಇನ್ನೂ ಹದಿನಾರು ವರ್ಷದವನಿದ್ದಾಗಲೇ, ಹಿರಿಯರ ತಂಡದಲ್ಲಿ ಇಳಿದ. ಮರುವರ್ಷವೇ ಅವನ ಬೆನ್ನಿಗೆ 10ನೇ ನಂಬರು ಬಂತು. ಅದು ಅವನಿಗೆ ಮುಂಚೆ ಮೆಸುತ್ ಓಜಿಲ್ ತೊಟ್ಟಿದ್ದ ಅಂಗಿ. ಹದಿನೇಳರ ಹುಡುಗನಿಗೆ ಅಂಥ ಅಂಗಿ ತೊಡಿಸುವುದೆಂದರೆ ಏನೆಂದು ಫುಟ್‌ಬಾಲ್ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ ಇಷ್ಟು ಸಾಕು: ಜಾತ್ರೆಯ ತೇರಿನ ಮುಂದಿನ ಹಗ್ಗವನ್ನು ಮೀಸೆ ಮೂಡದ ಹುಡುಗನ ಕೈಗೆ ಕೊಟ್ಟ ಹಾಗೆ. ಎಡಗಾಲಿನ ಆಟಗಾರ. ಚೆಂಡನ್ನು ಒದೆಯುವುದಿಲ್ಲ, ಸವರುತ್ತಾನೆ. 2023ರ ಜೂನ್‌ನಲ್ಲಿ ಫೆನರ್‌ಬಾಚೆ ತುರ್ಕಿಯ ಕಪ್ ಗೆದ್ದಿತು. ಅದೇ ತಿಂಗಳು ಸಾಮ್ಸುನ್‌ನಲ್ಲಿ ವೇಲ್ಸ್ ವಿರುದ್ಧ ದೇಶದ ತಂಡಕ್ಕೆ ಆಡಿ, ದೂರದಿಂದ ಬಾಗಿಸಿ ಹೊಡೆದ ಗೋಲಿಗೆ ಇಡೀ ತುರ್ಕಿ ಹುಚ್ಚೆದ್ದಿತು.

ಆಮೇಲೆ ಶುರುವಾಯಿತು ಹರಾಜು. ಬಾರ್ಸಿಲೋನಾ ಕೈ ಚಾಚಿತ್ತು. ರಿಯಲ್ ಮ್ಯಾಡ್ರಿಡ್ ಕಿತ್ತುಕೊಂಡಿತು. 2023ರ ಜುಲೈ 6ರಂದು ಆರು ವರ್ಷದ ಕರಾರು, 2029ರವರೆಗೆ. ಪತ್ರಿಕೆಗಳು ಬರೆದ ಲೆಕ್ಕ ಸುಮಾರು 2 ಕೋಟಿ ಯೂರೋ, ಅದರ ಮೇಲೆ ಷರತ್ತಿನ ಹಣ ಬೇರೆ. ಹದಿನೆಂಟರ ಹುಡುಗ ಸೂಟು ಹಾಕಿ ಸಹಿ ಮಾಡಿದ. ತುರ್ಕಿಯಲ್ಲಿ ಹಬ್ಬ.

ಹಬ್ಬ ಒಂದು ತಿಂಗಳೂ ನಿಲ್ಲಲಿಲ್ಲ. ಸೀಸನ್ನಿಗೆ ಮುಂಚಿನ ಅಮೆರಿಕ ಪ್ರವಾಸದಲ್ಲೇ ಮಂಡಿ ಕೈಕೊಟ್ಟಿತು. ಪೆಟ್ಟಾಗಿದ್ದು ಬಲಮಂಡಿಯ ಒಳಭಾಗದ ಮೆನಿಸ್ಕಸ್‌ಗೆ. ತೊಡೆಯ ಮೂಳೆಗೂ ಮೊಣಕಾಲ ಕೆಳಗಿನ ಮೂಳೆಗೂ ನಡುವೆ ಅರ್ಧಚಂದ್ರಾಕಾರದಲ್ಲಿ ಕೂತಿರುವ ಮೆತ್ತನೆಯ ಗದ್ದುಗೆ ಅದು. ಮೈಯ ಭಾರ ಎರಡು ಮೂಳೆಗಳ ಮೇಲೆ ಸಮನಾಗಿ ಹರಡುವುದು ಅದರಿಂದಲೇ. ಕಾಲು ಊರಿ ಮೈ ತಿರುಚಿದಾಗ ಹರಿಯುವುದೂ ಅದೇ. ಎಡಗಾಲಿನಲ್ಲಿ ಹೊಡೆಯುವವನಿಗೆ ಬಲಗಾಲು ಊರುಗಾಲು. ಚೆಂಡಿಗೆ ಬಾಗು ಕೊಡುವ ಪ್ರತಿ ಸಲವೂ ಮೈಯೆಲ್ಲ ತಿರುಗುವುದು ಆ ಬಲಮಂಡಿಯ ಮೇಲೆ. ಅಂದರೆ ಹುಡುಗನ ಕಸುಬಿನ ಕೀಲಿಗೇ ಪೆಟ್ಟು. ಆಗಸ್ಟ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಚೇತರಿಸಿಕೊಂಡು ಓಡಲು ಶುರು ಮಾಡಿದ ಮೇಲೆ ತೊಡೆಯ ಸ್ನಾಯು ಹಿಡಿಯಿತು. ಮತ್ತೆ ವಿಶ್ರಾಂತಿ. ಶರತ್ಕಾಲ ಹೋಯಿತು, ಕ್ರಿಸ್‌ಮಸ್ ಬಂತು, ಹುಡುಗ ಒಂದು ನಿಮಿಷವೂ ಆಡಿರಲಿಲ್ಲ.

ಅವನು ಮೊದಲು ಅಂಗಳಕ್ಕಿಳಿದಿದ್ದು 2024ರ ಜನವರಿ 6ರಂದು. ಎದುರಾಳಿ ಬಾರ್ಸಿಲೋನಾ ಅಲ್ಲ, ಬಯರ್ನ್ ಮ್ಯೂನಿಕ್ ಅಲ್ಲ. ಸ್ಪೇನಿನ ನಾಲ್ಕನೇ ದರ್ಜೆಯ ಅರಂದಿನಾ ಎಂಬ ಸಣ್ಣ ಊರಿನ ತಂಡ, ಕಿಂಗ್ಸ್ ಕಪ್ ಪಂದ್ಯ. ಸುಮಾರು ಒಂದು ಗಂಟೆ ಆಡಿಸಿ ಕರೆಸಿಕೊಂಡರು. ಮ್ಯಾಡ್ರಿಡ್ 3-1ರಲ್ಲಿ ಗೆದ್ದಿತು.

ಇಲ್ಲಿಂದ ಮುಂದಿನದೇ ವಾದದ ವಿಷಯ. ಹುಡುಗ ಈಗ ಆರೋಗ್ಯವಾಗಿದ್ದಾನೆ, ಅಭ್ಯಾಸದಲ್ಲಿದ್ದಾನೆ, ಬೆಂಚಿನಲ್ಲಿದ್ದಾನೆ. ಅಂಗಳದಲ್ಲಿ ಮಾತ್ರ ಇಲ್ಲ. ತುರ್ಕಿಯ ಕ್ರೀಡಾ ದೈನಿಕಗಳು ನಿಮಿಷಗಳ ಲೆಕ್ಕ ಹಾಕತೊಡಗಿದವು. ಒಂದು ಪಂದ್ಯದಲ್ಲಿ ಕೊನೆಯ ಕೆಲವು ನಿಮಿಷ, ಮುಂದಿನದರಲ್ಲಿ ಸೊನ್ನೆ. ಬೇರೆ ಸಣ್ಣ ಕ್ಲಬ್ಬಿಗೆ ಎರವಲು ಕಳಿಸಬಾರದೇ, ಅಲ್ಲಾದರೂ ಆಡಿಯಾನು ಎಂಬ ಮಾತೂ ಎದ್ದಿತು. ಮ್ಯಾಡ್ರಿಡ್ ಕ್ಲಬ್ಬು ಅಂತರ್ಜಾಲದಲ್ಲಿ ಏನೇ ಹಾಕಲಿ, ಅದರ ಕೆಳಗೆ ತುರ್ಕಿ ಬಾವುಟಗಳ ಮಳೆ.

ಫೆಬ್ರವರಿ 25 ಅವನಿಗೆ ಹತ್ತೊಂಬತ್ತು ತುಂಬಿದ ದಿನ. ಅವತ್ತು ಮ್ಯಾಡ್ರಿಡ್‌ಗೆ ತವರಿನಲ್ಲಿ ಸೆವಿಯ್ಯಾ ಎದುರಾಳಿ. ಎಪ್ಪತ್ತು ನಿಮಿಷ ಕಳೆದರೂ ಗೋಲಿಲ್ಲ. ಆಂಚೆಲೊಟ್ಟಿ ಬೆಂಚಿನ ಕಡೆ ತಿರುಗಿದರು. ಎಬ್ಬಿಸಿದ್ದು ಯಾರನ್ನು? ಹುಟ್ಟುಹಬ್ಬದ ಹುಡುಗನನ್ನಲ್ಲ, ಮೂವತ್ತೆಂಟು ವರ್ಷದ ಲೂಕಾ ಮೋಡ್ರಿಚ್‌ನನ್ನು. ಆ ಮುದುಕ (ಫುಟ್‌ಬಾಲಿನಲ್ಲಿ ಮೂವತ್ತೆಂಟು ಅಂದರೆ ಮುದುಕನೇ) 81ನೇ ನಿಮಿಷದಲ್ಲಿ ದೂರದಿಂದ ಹೊಡೆದ ಗೋಲಿಗೆ ಪಂದ್ಯ 1-0ರಲ್ಲಿ ಗೆದ್ದಾಯಿತು. ಗುಲೆರ್ ಒಂದು ನಿಮಿಷವೂ ಆಡಲಿಲ್ಲ.

ಅವತ್ತು ತುರ್ಕಿಯವರಿಗೆ ಸಿಟ್ಟು ಬಂದಿದ್ದರೆ ತಪ್ಪು ಎನ್ನುವುದು ಹೇಗೆ? ಆದರೆ ಕೋಚ್ ತಪ್ಪು ಮಾಡಿದರು ಎನ್ನಲಿಕ್ಕೂ ಆಗುವುದಿಲ್ಲ. ಗೋಲು ಬಿತ್ತಲ್ಲ! ಇಂಥ ಕಡೆ ಘೋಷಣೆಗಳು ಕೆಲಸಕ್ಕೆ ಬರುವುದಿಲ್ಲ. ಲೆಕ್ಕ ಬೇಕಾಗುತ್ತದೆ.

ಲೆಕ್ಕ ನೋಡೋಣ. ಆ ವರ್ಷ ಮ್ಯಾಡ್ರಿಡ್ ಲೀಗಿನ 38 ಪಂದ್ಯಗಳಲ್ಲಿ ಸೋತಿದ್ದು ಒಂದೇ ಒಂದು. 95 ಅಂಕ, ಎರಡನೆಯ ಸ್ಥಾನದ ಬಾರ್ಸಿಲೋನಾಕ್ಕಿಂತ 10 ಹೆಚ್ಚು. ಗುಲೆರ್ ಆಡುವ ಜಾಗಗಳಲ್ಲಿ ಮೋಡ್ರಿಚ್, ಟೋನಿ ಕ್ರೂಸ್, ಜೂಡ್ ಬೆಲ್ಲಿಂಗ್‌ಹ್ಯಾಮ್, ವಾಲ್ವೆರ್ದೆ, ರೊಡ್ರಿಗೊ, ಬ್ರಾಹಿಂ ದಿಯಾಸ್ ಇದ್ದರು. ಇವರಲ್ಲಿ ಯಾರನ್ನು ಎಬ್ಬಿಸಿ ಯಾರ ಜಾಗದಲ್ಲಿ ಈ ಹುಡುಗನನ್ನು ಕೂರಿಸುತ್ತೀರಿ? ‘ನಮ್ಮವನು’ ಎಂಬುದು ಅಂಕಾರಾದಲ್ಲಿ ಕಾರಣವಾದೀತು. ಮ್ಯಾಡ್ರಿಡ್‌ನಲ್ಲಿ ಅದು ಕಾರಣವೇ ಅಲ್ಲ.

ಇನ್ನೊಂದು ಕಡೆಯಿಂದ ನೋಡಿ. ಮಂಡಿ ಕೊಯ್ಯಿಸಿಕೊಂಡ ಹುಡುಗನನ್ನು ಅವಸರದಲ್ಲಿ ಇಳಿಸಿದ್ದರೆ ಏನಾಗಬಹುದಿತ್ತು ಎಂಬುದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ, ಅದೇ ಸ್ಪೇನಿನಲ್ಲಿದೆ. ಬಾರ್ಸಿಲೋನಾದ ಆನ್ಸು ಫಾತಿ 2019ರಲ್ಲಿ ಹದಿನಾರರ ವಯಸ್ಸಿಗೇ ದೊಡ್ಡ ತಂಡಕ್ಕೆ ಬಂದ. ಗೋಲು ಹೊಡೆದ, ದಾಖಲೆ ಮುರಿದ. 2020ರ ನವೆಂಬರ್‌ನಲ್ಲಿ ಅವನ ಎಡಮಂಡಿಯ ಮೆನಿಸ್ಕಸ್ ಹರಿಯಿತು. ಒಂದಲ್ಲ, ಹಲವು ಸಲ ಕೊಯ್ದರು. 2021ರಲ್ಲಿ ಮೆಸ್ಸಿ ಬಿಟ್ಟುಹೋದ 10ನೇ ನಂಬರನ್ನು ಇನ್ನೂ ಪೂರ್ತಿ ಮಾಗದ ಅದೇ ಹುಡುಗನ ಬೆನ್ನಿಗೆ ಅಂಟಿಸಿದರು. ಆಮೇಲೆ ಆ ಮೊದಲಿನ ಫಾತಿ ಬಾರ್ಸಿಲೋನಾದಲ್ಲಿ ಕಾಣಲೇ ಇಲ್ಲ. 2023ರಲ್ಲಿ ಇಂಗ್ಲೆಂಡಿನ ಬ್ರೈಟನ್‌ಗೆ ಎರವಲು ಹೋದ. ಪೆದ್ರಿಯ ಕತೆ ಇನ್ನೊಂದು. 2020-21ರಲ್ಲಿ ಹದಿನೆಂಟರ ಆ ಹುಡುಗನನ್ನು ಕ್ಲಬ್ಬು, ಯೂರೋ ಕಪ್ಪು, ಟೋಕಿಯೋ ಒಲಿಂಪಿಕ್ಸ್ ಎಲ್ಲ ಸೇರಿಸಿ 70ಕ್ಕೂ ಹೆಚ್ಚು ಪಂದ್ಯ ಆಡಿಸಿದರು. ಎತ್ತಿಗಾದರೂ ಸೋಮವಾರ ರಜೆ ಕೊಡುತ್ತೇವೆ! ಮರುವರ್ಷ ತೊಡೆಯ ಸ್ನಾಯುಗಳಿಗೆ ಮತ್ತೆ ಮತ್ತೆ ಪೆಟ್ಟಾಗಿ ಕೂತ.

ಹಾಗೆಂದು ಬೇಗ ಇಳಿದವರೆಲ್ಲ ಹಾಳಾದರು ಎನ್ನುವಂತಿಲ್ಲ. ಅದೇ ಬಾರ್ಸಿಲೋನಾದ ಲಮೀನ್ ಯಮಾಲ್ 2023ರಲ್ಲಿ ಹದಿನೈದಕ್ಕೇ ಆಡಿ, 2024ರಲ್ಲಿ ಯೂರೋ ಕಪ್ ಎತ್ತಿದ. ಮಂಡಿ ಹರಿಯುವುದಕ್ಕೆ ಅತಿಯಾದ ಆಟವೊಂದೇ ಕಾರಣ ಎಂದೂ ಯಾವ ವೈದ್ಯರೂ ಕಣ್ಣು ಮುಚ್ಚಿ ಹೇಳಲಾರರು. ಆದರೆ ಒಮ್ಮೆ ಹರಿದ ಮಂಡಿಯನ್ನು ಜನರ ಕೂಗಿಗೆ ಹೆದರಿ ಅಂಗಳಕ್ಕೆ ತಳ್ಳುವುದು ಜೂಜು. ಆ ಜೂಜಿನಲ್ಲಿ ಪಣಕ್ಕಿಟ್ಟದ್ದು ಕೂಗುವವರ ಮಂಡಿಯಲ್ಲ.

ಆದ್ದರಿಂದ ಆಗಸ್ಟ್‌ನಿಂದ ಜನವರಿವರೆಗಿನ ಎಚ್ಚರಿಕೆಗೆ ಆಂಚೆಲೊಟ್ಟಿಯನ್ನು ಮೆಚ್ಚಲೇಬೇಕು. ಅದು ಹುಡುಗನನ್ನು ಕಾಯುವ ಎಚ್ಚರಿಕೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗಿನದು? ಅಲ್ಲಿ ನನ್ನ ತಕರಾರಿದೆ.

ಮಾರ್ಚ್ 10ರಂದು ಸೆಲ್ತಾ ವೀಗೊ ವಿರುದ್ಧ ಪಂದ್ಯ ಆಗಲೇ ಕೈಯಲ್ಲಿದ್ದಾಗ ಗುಲೆರ್‌ನನ್ನು ಕೊನೆಗಳಿಗೆಯಲ್ಲಿ ಇಳಿಸಿದರು. ಸಿಕ್ಕಿದ್ದು ಕೆಲವೇ ನಿಮಿಷ. 94ನೇ ನಿಮಿಷದಲ್ಲಿ ಒಬ್ಬನೇ ನುಗ್ಗಿ, ಗೋಲಿಯನ್ನು ಬದಿಗೆ ದಾಟಿ, ಚೆಂಡನ್ನು ಖಾಲಿ ಬಲೆಗೆ ತಳ್ಳಿದ. 4-0. ಕೆಲವೇ ನಿಮಿಷದಲ್ಲಿ ಇಷ್ಟು ಮಾಡಿದವನಿಗೆ ಮುಂದಿನ ವಾರ ಅರ್ಧ ಗಂಟೆ ಕೊಡಬೇಕು ತಾನೇ? ಕೊಡಲಿಲ್ಲ. ಲೀಗಿನಲ್ಲಿ ಅವನನ್ನು ಮೊದಲ ಹನ್ನೊಂದರಲ್ಲಿ ಇಳಿಸಲು ಏಪ್ರಿಲ್ 26 ಬರಬೇಕಾಯಿತು. ಆ ಹೊತ್ತಿಗೆ ಪರಿಸ್ಥಿತಿ ಏನು? ಐದು ದಿನ ಹಿಂದಷ್ಟೇ ಬಾರ್ಸಿಲೋನಾವನ್ನು 3-2ರಲ್ಲಿ ಸೋಲಿಸಿ ಮ್ಯಾಡ್ರಿಡ್ 11 ಅಂಕ ಮುಂದೆ ಹೋಗಿತ್ತು, ಉಳಿದದ್ದು ಆರು ಪಂದ್ಯ. ನಾಲ್ಕು ದಿನ ಬಿಟ್ಟು ಮ್ಯೂನಿಕ್‌ನಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಯಜಮಾನರಿಗೆಲ್ಲ ವಿಶ್ರಾಂತಿ ಬೇಕಿತ್ತು. ಅದಕ್ಕೇ ಕಿರಿಯನಿಗೆ ಎಲೆ ಹಾಕಿದರು. ಆ ಎಲೆಯಲ್ಲಿ ಅವನು ಉಂಡದ್ದು ನೋಡಿ: ರಿಯಲ್ ಸೊಸಿಯೆದಾದ್ ವಿರುದ್ಧ 29ನೇ ನಿಮಿಷದಲ್ಲಿ ಪಂದ್ಯದ ಒಂದೇ ಗೋಲು ಅವನದು. ಮೇ 4ರಂದು ಕಾದಿಸ್ ವಿರುದ್ಧ ಮತ್ತೆ ಮೊದಲ ಹನ್ನೊಂದರಲ್ಲಿ. ಅದೇ ದಿನ ಬಾರ್ಸಿಲೋನಾ ಸೋತು ಲೀಗ್ ಮ್ಯಾಡ್ರಿಡ್ ಪಾಲಾಯಿತು. 11ರಂದು ಗ್ರನಾದಾ ವಿರುದ್ಧ ಗೋಲು. 14ರಂದು ಬದಲಿಯಾಗಿ ಬಂದು ಅಲಾವೆಸ್ ವಿರುದ್ಧ ಗೋಲು. 19ರಂದು ವಿಯ್ಯಾರೆಯಾಲ್ ವಿರುದ್ಧ ಎರಡು, ಪಂದ್ಯ 4-4.

ಲೀಗಿನಲ್ಲಿ ಒಟ್ಟು 10 ಪಂದ್ಯ, ಅದರಲ್ಲಿ ಮೊದಲಿನಿಂದ ಇಳಿದದ್ದು ನಾಲ್ಕರಲ್ಲಿ. ಆರು ಗೋಲು. ಆಡಿದ ಸಮಯ 400 ನಿಮಿಷಕ್ಕೂ ಕಡಿಮೆ. ಅಂದರೆ ಪೂರ್ತಿ ಪಂದ್ಯದ ಲೆಕ್ಕದಲ್ಲಿ ನಾಲ್ಕೂ ಚಿಲ್ಲರೆ ಪಂದ್ಯಕ್ಕೆ ಆರು ಗೋಲು. ಚಾಂಪಿಯನ್ಸ್ ಲೀಗ್‌ನಲ್ಲಿ ಮ್ಯಾಡ್ರಿಡ್ ಕಪ್ ಗೆದ್ದ ಆ ವರ್ಷ ಅವನು ಆಡಿದ ನಿಮಿಷ ಸೊನ್ನೆ.

ಈಗ ಹೇಳಿ. ಆರು ಗೋಲಿನಲ್ಲಿ ಐದು ಬಂದದ್ದು ಲೀಗ್ ಹೆಚ್ಚುಕಡಿಮೆ ಕೈಗೆ ಬಂದ ಮೇಲೆ, ಎದುರಾಳಿಗಳೂ ಸಡಿಲಗೊಂಡಿದ್ದ ಕೊನೆಯ ವಾರಗಳಲ್ಲಿ ಎಂದು ಆಂಚೆಲೊಟ್ಟಿಯ ಪರ ವಕೀಲರು ವಾದಿಸುತ್ತಾರೆ. ಒಪ್ಪೋಣ. ಆದರೆ ಬಿಗಿಯಾದ ಪಂದ್ಯದಲ್ಲಿ ಇಳಿಸದೆ, ಬಿಗಿಯಾದ ಪಂದ್ಯದಲ್ಲಿ ಆಡಿಲ್ಲ ಎಂದು ದೂರುವುದು ಯಾವ ನ್ಯಾಯ? ನೀರಿಗಿಳಿಯಲು ಬಿಡದೆ ಈಜು ಬರುವುದಿಲ್ಲ ಎಂದಂತಾಯಿತು. ಆ ಎರಡು ತಿಂಗಳ ಎಚ್ಚರಿಕೆ ಹುಡುಗನನ್ನು ಕಾಯುವ ಎಚ್ಚರಿಕೆಯಾಗಿರಲಿಲ್ಲ, ಅಂಕಪಟ್ಟಿಯನ್ನು ಕಾಯುವ ಎಚ್ಚರಿಕೆ. ಎರಡಕ್ಕೂ ಹೆಸರು ಒಂದೇ ಇರುವುದರಿಂದ ಕೋಚ್‌ಗಳು ಒಂದರ ಮರೆಯಲ್ಲಿ ಇನ್ನೊಂದನ್ನು ಸಾಗಹಾಕುತ್ತಾರೆ.

ದೊಡ್ಡ ಕ್ಲಬ್ಬುಗಳ ಇನ್ನೊಂದು ಚಾಳಿಯನ್ನೂ ಹೇಳಬೇಕು. ಅವು ಹುಡುಗರನ್ನು ಕೊಳ್ಳುವುದು ಯಾವಾಗಲೂ ಆಡಿಸಲಿಕ್ಕಲ್ಲ. ಕೆಲವು ಸಲ ಎದುರಾಳಿಗೆ ಸಿಗದಿರಲಿ ಎಂದು, ಕೆಲವು ಸಲ ಮುಂದೆ ಬೆಲೆ ಏರಲಿ ಎಂದು. ವ್ಯಾಪಾರಿ ಈರುಳ್ಳಿ ದಾಸ್ತಾನು ಮಾಡುವ ಹಾಗೆ. 2020ರ ಜನವರಿಯಲ್ಲಿ ಇದೇ ಮ್ಯಾಡ್ರಿಡ್ ಬ್ರೆಜಿಲ್‌ನ ಫ್ಲಮೆಂಗೊದಿಂದ ರೆಯ್ನಿಯೆರ್ ಎಂಬ ಹದಿನೆಂಟರ ಹುಡುಗನನ್ನು ದುಬಾರಿ ಬೆಲೆಗೆ ತಂದಿತು. ಡಾರ್ಟ್‌ಮಂಡ್, ಜಿರೋನಾ, ಇಟಲಿಯ ಫ್ರೊಸಿನೋನೆ, ಗ್ರನಾದಾ ಎಂದು ಊರೂರು ಎರವಲು ಸುತ್ತಿಸಿತು. 2025ರಲ್ಲಿ ಆತ ಬ್ರೆಜಿಲ್‌ಗೆ ಮರಳಿದ. ಐದು ವರ್ಷದಲ್ಲಿ ಮ್ಯಾಡ್ರಿಡ್‌ನ ದೊಡ್ಡ ತಂಡದ ಪರ ಒಂದು ಪಂದ್ಯವನ್ನೂ ಆಡಲಿಲ್ಲ! ಅವನಿಗೂ ‘ಸಮಯ ಬೇಕು, ತಾಳ್ಮೆ ಬೇಕು’ ಎಂದೇ ಹೇಳಿರಬೇಕು.

ನಾರ್ವೆಯ ಮಾರ್ಟಿನ್ ಓಡೆಗಾರ್ಡ್ ನಡುವಿನ ಕತೆ. 2015ರಲ್ಲಿ ಹದಿನಾರಕ್ಕೇ ತಂದು ಜಗತ್ತಿಗೆಲ್ಲ ಮೆರೆಸಿದರು. ಅದೇ ಮೇ 23ರಂದು ರೊನಾಲ್ಡೊ ಬದಲಿಗೆ ಅರ್ಧ ಗಂಟೆ ಆಡಿಸಿ, ಕ್ಲಬ್ಬಿನ ಚರಿತ್ರೆಯಲ್ಲೇ ಅತಿ ಕಿರಿಯ ಎಂದು ಬರೆಸಿಕೊಂಡರು. ಆಮೇಲೆ? ಅಭ್ಯಾಸ ದೊಡ್ಡವರ ಜೊತೆ, ಆಟ ಕಿರಿಯರ ತಂಡದಲ್ಲಿ. ಅತ್ತ ದೊಡ್ಡವರ ಪಂಕ್ತಿಯಲ್ಲಿ ಎಲೆಯಿಲ್ಲ, ಇತ್ತ ಕಿರಿಯರಿಗೆ ಅವನು ನಮ್ಮವನಲ್ಲ. ಹಾಲೆಂಡಿನ ಎರಡು ಕ್ಲಬ್ಬು, ಆಮೇಲೆ ಸೊಸಿಯೆದಾದ್, ಆಮೇಲೆ ಲಂಡನ್ನಿನ ಆರ್ಸೆನಲ್. 2021ರಲ್ಲಿ ಆರ್ಸೆನಲ್ ಅವನನ್ನು ಪೂರ್ತಿಯಾಗಿ ಕೊಂಡಿತು, 2022ರಲ್ಲಿ ನಾಯಕನನ್ನಾಗಿ ಮಾಡಿತು. ಮ್ಯಾಡ್ರಿಡ್ ಕೈಬಿಟ್ಟದ್ದನ್ನು ಬೇರೆಯವರು ಎತ್ತಿ ತಲೆಯ ಮೇಲಿಟ್ಟುಕೊಂಡರು.

ಹೀಗಿರುವಾಗ ತುರ್ಕಿಯವರ ಆತಂಕ ಬರೀ ಹುಚ್ಚು ಅಭಿಮಾನ ಎಂದು ತಳ್ಳಿಹಾಕುವ ಯುರೋಪಿನ ಪಂಡಿತರ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಮುಂದೆ ರೆಯ್ನಿಯೆರ್ ಇದ್ದ. ತಮ್ಮ ಹುಡುಗನೂ ಗೋದಾಮಿನ ಸರಕಾಗಿ ಕೂರಬಾರದಲ್ಲ! ಅವರ ಕೂಗು ತಪ್ಪಿದ್ದು ಎಲ್ಲಿ ಎಂದರೆ, ಕೇಳಬೇಕಾದ್ದನ್ನು ಬಿಟ್ಟು ಬೇರೆಯದನ್ನು ಕೇಳಿದರು. ‘ಇವತ್ತೇ ಆಡಿಸಿ, ಎಲ್ಲ ಪಂದ್ಯ ಆಡಿಸಿ’ ಎಂದರು. ಕೇಳಬೇಕಾಗಿದ್ದದ್ದು: ‘ಇವನು ಏನು ಮಾಡಿದರೆ ಬಾಗಿಲು ತೆರೆಯುತ್ತೀರಿ, ಹೇಳಿ. ಅದನ್ನು ಮಾಡಿದ ದಿನ ತೆರೆಯಿರಿ.’ ಸೆಲ್ತಾ ಪಂದ್ಯದ ಮರುದಿನ ಕೇಳಬೇಕಾಗಿದ್ದ ಪ್ರಶ್ನೆ ಇದು.

ಈ ಫರಕು ಕನ್ನಡಿಗರಿಗೆ ಬೇಗ ಅರ್ಥವಾಗಬೇಕು. ಫುಟ್‌ಬಾಲ್ ಅಲ್ಲ, ಕ್ರಿಕೆಟ್ಟಿನಲ್ಲಿ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಕರ್ನಾಟಕದ ಕರುಣ್ ನಾಯರ್ ಅಜೇಯ 303 ಹೊಡೆದರು. ಅದು ಅವರ ಮೂರನೇ ಟೆಸ್ಟ್. ನಾಲ್ಕನೇ ಟೆಸ್ಟಿಗೆ, ಅಂದರೆ ಹೈದರಾಬಾದಿನಲ್ಲಿ ಬಾಂಗ್ಲಾದೇಶದ ವಿರುದ್ಧ, ಅವರಿಗೆ ಜಾಗವೇ ಇಲ್ಲ! ಆಸ್ಟ್ರೇಲಿಯಾ ಎದುರು ಮೂರು ಟೆಸ್ಟ್ ಕೊಟ್ಟು, 2017ರಲ್ಲಿ ಕೈಬಿಟ್ಟರು. ಮತ್ತೆ ಭಾರತದ ಟೆಸ್ಟ್ ತಂಡದಲ್ಲಿ ಆಡಲು 2025ರ ಜೂನ್ ಬರಬೇಕಾಯಿತು. ಅಲ್ಲಿ ನಾವು ಕೂಗಿದ್ದು ನ್ಯಾಯ. ಏಕೆಂದರೆ ಆತ ಬಾಗಿಲು ಬಡಿಯುತ್ತಿದ್ದವರಲ್ಲ, ಒಳಗೆ ಬಂದು ಮುನ್ನೂರು ಹೊಡೆದವರು. ಗುಲೆರ್‌ನದು ಒಳಗೆ ಬರುವ ಮುಂಚಿನ ಕಾಯುವಿಕೆ. ನಾಯರ್‌ರದು ಒಳಗೆ ಬಂದ ಮೇಲಿನ ಹೊರದಬ್ಬುವಿಕೆ. ಎರಡಕ್ಕೂ ಒಂದೇ ಗಂಟಲಲ್ಲಿ ಕೂಗಿದರೆ ನಿಜವಾದ ಅನ್ಯಾಯದ ದಿನ ನಮ್ಮ ಕೂಗನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕಾಯುವಿಕೆ ಎಂಬ ಮಾತಿಗೂ ಊರಿಗೊಂದು ಅರ್ಥವಿದೆ. ಗುಲೆರ್ ಕಾದದ್ದು ಎಲ್ಲಿ? ವಾಲ್ದೆಬೆಬಾಸ್‌ನ ಅಭ್ಯಾಸದ ಮೈದಾನದಲ್ಲಿ. ಸುತ್ತ ವೈದ್ಯರು, ಅಂಗಮರ್ದನದವರು, ಎದುರಿಗೆ ದಿನಾ ಪಾಸು ಕೊಡುವ ಕ್ರೂಸ್, ಮೋಡ್ರಿಚ್. ಅಂಥ ಬೆಂಚಿನ ಮೇಲೆ ಕೂತರೂ ಅದು ಪಾಠಶಾಲೆ. ನಮ್ಮ ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಹುಡುಗರು ಇವತ್ತಿಗೂ ಬರಿಗಾಲಲ್ಲಿ ಚೆಂಡು ಒದೆಯುತ್ತಾರೆ. ಗೌತಮಪುರದವರು ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡವರು, ಸ್ವಾಮಿ! ಅಲ್ಲಿನ ಹುಡುಗ ಕಾದರೆ ಯಾವ ಪಾಠಶಾಲೆಯಲ್ಲಿ ಕಾಯಬೇಕು? ಹಿಂದೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳಿದ್ದವು. ಆಟಕ್ಕೆ ಆಟ, ಸಂಬಳಕ್ಕೆ ಸಂಬಳ. 1968-69ರಲ್ಲಿ ಮೈಸೂರು ರಾಜ್ಯವಾಗಿ ಸಂತೋಷ್ ಟ್ರೋಫಿ ಗೆದ್ದ ನಾವು ಮತ್ತೆ ಅದನ್ನು ಮುಟ್ಟಿದ್ದು 2023ರ ಮಾರ್ಚ್‌ನಲ್ಲಿ, ಅದೂ ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ. ನಡುವೆ ಐವತ್ತನಾಲ್ಕು ವರ್ಷ. ಆ ಐವತ್ತನಾಲ್ಕು ವರ್ಷದಲ್ಲಿ ಎಷ್ಟು ಹುಡುಗರು ಕೂರಲು ಬೆಂಚೂ ಸಿಗದೆ ಚೆಂಡು ಬಿಟ್ಟು ಆಟೋ ಹಿಡಿದರೋ! ತುರ್ಕಿಯವರ ಸಂಕಟ ಹುಡುಗ ಬೆಂಚಿನಲ್ಲಿದ್ದಾನೆ ಎಂಬುದು. ನಮ್ಮದು ಬೆಂಚೇ ಇಲ್ಲ ಎಂಬುದು.

ಭಾಷೆಯ ವಿಷಯ ಬಿಟ್ಟರೆ ಈ ಪತ್ರಿಕೆಯ ಓದುಗರು ನನ್ನನ್ನು ಬಿಡುವುದಿಲ್ಲ, ಮತ್ತೆ ಇಲ್ಲಿ ಅದು ನಿಜವಾಗಿಯೂ ಇದೆ. ಹದಿನೆಂಟರ ತುರ್ಕಿ ಹುಡುಗ ಹೋಗಿದ್ದು ಸ್ಪ್ಯಾನಿಷ್ ಆಡುವ ಊರಿಗೆ. ಅಂಗಳದಲ್ಲಿ ‘ಬೆನ್ನ ಹಿಂದೆ ಆಳಿದ್ದಾನೆ’ ಎಂಬ ಕೂಗು ಅರ್ಧ ಕ್ಷಣ ತಡವಾಗಿ ಅರ್ಥವಾದರೂ ಚೆಂಡು ಕಾಲಿನಲ್ಲಿ ಉಳಿಯುವುದಿಲ್ಲ. ಇಟಲಿಯ ಆಂಚೆಲೊಟ್ಟಿ ಮ್ಯಾಡ್ರಿಡ್‌ನಲ್ಲಿ ಪತ್ರಕರ್ತರ ಜೊತೆ ಮಾತನಾಡುತ್ತಿದ್ದುದು ಸ್ಪ್ಯಾನಿಷ್‌ನಲ್ಲಿ. ಜರ್ಮನಿಯ ಕ್ರೂಸ್, ಕ್ರೊಯೇಷಿಯಾದ ಮೋಡ್ರಿಚ್ ಸ್ಪ್ಯಾನಿಷ್ ಕಲಿತವರು. ಅಲ್ಲಿ ಯಾರೂ ‘ನನಗೆ ಸ್ಪ್ಯಾನಿಷ್ ಯಾಕೆ ಬೇಕು, ಅಡ್ಜಸ್ಟ್ ಮಾಡಿಕೊಳ್ಳಿ’ ಎನ್ನುವುದಿಲ್ಲ. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ ‘ಕನ್ನಡ್ ಗೊತ್ತಿಲ್ಲಾ’ ಎನ್ನುವವರಿಗೆ ಇದನ್ನು ಯಾರಾದರೂ ಓದಿ ಹೇಳಿ. ಮೊದಲ ವರ್ಷದ ಮೌನದಲ್ಲಿ ಅರ್ಧ ಪಾಲು ಮಂಡಿಯದಾದರೆ ಒಂದಿಷ್ಟಾದರೂ ನಾಲಿಗೆಯದು ಇರುತ್ತದೆ. ಯಾವ ದೇಶದ ಹುಡುಗನಿಗಾದರೂ ಸರಿ. ನಿಮಿಷ ಎಣಿಸುವವರು ಇದನ್ನು ಎಣಿಸುವುದಿಲ್ಲ.

ಕ್ಲಬ್ಬಿನ ಲೆಕ್ಕ ಮುಗಿದ ಮೇಲೆ 2024ರ ಜೂನ್‌ನಲ್ಲಿ ಜರ್ಮನಿಯಲ್ಲಿ ಯೂರೋ ಕಪ್. ಜೂನ್ 18, ಡಾರ್ಟ್‌ಮಂಡ್, ತುರ್ಕಿಗೆ ಜಾರ್ಜಿಯಾ ಎದುರಾಳಿ. ಪಂದ್ಯಕ್ಕೆ ಮುಂಚೆ ಸುರಿದ ಮಳೆಗೆ ಛಾವಣಿಯೇ ಸೋರುತ್ತಿತ್ತು. 65ನೇ ನಿಮಿಷದಲ್ಲಿ ಪೆನಾಲ್ಟಿ ಚೌಕದ ಹೊರಗಿಂದ ಗುಲೆರ್ ಎಡಗಾಲಲ್ಲಿ ಬಾಗಿಸಿ ಹೊಡೆದ ಚೆಂಡು ಬಲೆಯ ದೂರದ ಮೂಲೆ ಸೇರಿತು. ಊರಿದ್ದು ಅದೇ ಬಲಗಾಲು, ಅದೇ ಕೊಯ್ದ ಮಂಡಿ. ಮೊದಲ ಯೂರೋ ಪಂದ್ಯದಲ್ಲೇ ಗೋಲು ಹೊಡೆದ ಅತಿ ಕಿರಿಯ ಎಂಬ, 2004ರಿಂದ ರೊನಾಲ್ಡೊ ಹೆಸರಿನಲ್ಲಿದ್ದ ದಾಖಲೆಯನ್ನು ಹದಿನಾಲ್ಕು ದಿನದ ಅಂತರದಲ್ಲಿ ಮುರಿದ. ತುರ್ಕಿ 3-1ರಲ್ಲಿ ಗೆದ್ದಿತು.

ತಮಾಷೆ ಮುಂದಿದೆ. ನಾಲ್ಕು ದಿನ ಬಿಟ್ಟು ಪೋರ್ಚುಗಲ್ ಎದುರಿನ ಪಂದ್ಯದಲ್ಲಿ ತುರ್ಕಿಯ ಕೋಚ್ ವಿನ್ಸೆಂಜೊ ಮೊಂತೆಲ್ಲಾ (ಇವರೂ ಇಟಲಿಯವರೇ!) ಗುಲೆರ್‌ನನ್ನು ಬೆಂಚಿನಲ್ಲಿ ಕೂರಿಸಿದರು. ದಣಿದಿದ್ದಾನೆ, ಸ್ನಾಯು ಕಾಪಾಡಬೇಕು ಎಂಬ ಮಾತು. ತುರ್ಕಿ 0-3ರಲ್ಲಿ ಸೋತಿತು. ವರ್ಷವಿಡೀ ಮ್ಯಾಡ್ರಿಡ್‌ಗೆ ಬೈದವರು ಈಗ ಸ್ವಂತ ತಂಡದ ಕೋಚ್‌ಗೆ ಬೈದರು. ಮೊಂತೆಲ್ಲಾ ಮಾಡಿದ್ದು ಸರಿಯೋ ತಪ್ಪೋ, ನಂತರದ ಪಂದ್ಯಗಳಿಗೆ ಹುಡುಗ ಉಳಿದ. ಆಸ್ಟ್ರಿಯಾ ವಿರುದ್ಧ ಅವನು ಹೊಡೆದ ಕಾರ್ನರ್‌ನಿಂದ ಗೆಲುವಿನ ಗೋಲು ಬಂತು. ಕ್ವಾರ್ಟರ್ ಫೈನಲ್‌ನಲ್ಲಿ ನೆದರ್‌ಲೆಂಡ್ಸ್ ವಿರುದ್ಧ ತುರ್ಕಿಯ ಒಂದೇ ಗೋಲಿಗೆ ಚೆಂಡು ಕೊಟ್ಟವನೂ ಅವನೇ. 1-2ರಲ್ಲಿ ಸೋತು ತುರ್ಕಿ ಮನೆಗೆ ಮರಳಿತು.

ಮ್ಯಾಡ್ರಿಡ್‌ಗೆ ಮರಳಿದ ಮೇಲೆ ಎಲ್ಲ ಸರಿಹೋಯಿತೇ? ಎಲ್ಲಿ! ಕ್ರೂಸ್ ನಿವೃತ್ತರಾಗಿ ಜಾಗ ತೆರವಾಗಿದ್ದರೂ 2024-25ರಲ್ಲಿ ಆಂಚೆಲೊಟ್ಟಿ ಅದೇ ಜಿಪುಣತನ ಮುಂದುವರಿಸಿದರು. ಯೂರೋದಲ್ಲಿ ಅಷ್ಟು ತೋರಿಸಿ ಬಂದವನಿಗೆ ಮತ್ತೆ ಚಿಲ್ಲರೆ ನಿಮಿಷಗಳು. ಮೊದಲ ವರ್ಷದ ಎಚ್ಚರಿಕೆಗೆ ನಾನು ಕೊಟ್ಟ ಅರ್ಧ ಮೆಚ್ಚುಗೆಯನ್ನು ಎರಡನೇ ವರ್ಷಕ್ಕೆ ಕೊಡಲಾರೆ. 2025ರ ಬೇಸಿಗೆಯಲ್ಲಿ ಆಂಚೆಲೊಟ್ಟಿ ಬ್ರೆಜಿಲ್ ತಂಡಕ್ಕೆ ಹೋದರು, ಶಾಬಿ ಅಲೊನ್ಸೊ ಬಂದರು. ಬಂದವರೇ ಗುಲೆರ್‌ನನ್ನು ಬದಿಯಿಂದ ನಡುವಿಗೆ ತಂದು, ಚೆಂಡು ಮೊದಲು ಅವನ ಕಾಲಿಗೇ ಸಿಗುವಂತೆ ಆಟ ಕಟ್ಟಿದರು. ಆ ವರ್ಷ ಸೀಸನ್ ಶುರುವಾದಾಗ ಮೊದಲ ಹನ್ನೊಂದರ ಪಟ್ಟಿಯಲ್ಲಿ ಅವನ ಹೆಸರು ಹುಡುಕಬೇಕಾಗಿರಲಿಲ್ಲ. ಅವನಿಗೆ ಆಗ ಇಪ್ಪತ್ತು ವರ್ಷ.